ಗಾಣದ ಇಂಜಿನ್‌ಗೆ ವಡೆ ಕರಿದ ಎಣ್ಣೆ

ಪ್ರಶ್ನೆ: ಮದ್ದೂರು ಹತ್ತಿರ ನಮ್ಮದೊಂದು ಸಣ್ಣ ಆಲೆಮನೆ ಇದೆ. ಗಾಣಕ್ಕೆ ಹಳೆಯ 10 ಎಚ್‌ಪಿ ಡೀಸೆಲ್ ಇಂಜಿನ್ ಇಟ್ಟಿದ್ದೇವೆ. ದೊಡ್ಡ ಚಕ್ರದ್ದು, ನಿಧಾನವಾಗಿ ಓಡುವಂಥದ್ದು, ನೀರಿನಿಂದ ತಣಿಯುತ್ತದೆ. ನನ್ನ ಸೋದರಳಿಯ ಹೆದ್ದಾರಿಯಲ್ಲಿ ಹೋಟೆಲ್ ನಡೆಸುತ್ತಾನೆ, ವಾರಕ್ಕೆ ಎರಡು ಟಿನ್ ಕರಿದ ಎಣ್ಣೆ ಕೊಡುತ್ತೇನೆ ಅಂದ. ವಿಡಿಯೊ ನೋಡಿಕೊಂಡು ಪಂಚೆ ಬಟ್ಟೆಯಲ್ಲಿ ಸೋಸಿ ಹಾಕಿದೆ. ಮೂರು ದಿನ ಚೆನ್ನಾಗಿ ಓಡಿತು. ನಾಲ್ಕನೇ ದಿನ ಬೆಳಿಗ್ಗೆ ಸ್ಟಾರ್ಟೇ ಆಗಲಿಲ್ಲ. ಫಿಲ್ಟರ್ ಬಿಚ್ಚಿದರೆ ಒಳಗೆ ತುಪ್ಪದ ಹಾಗೆ ಗಟ್ಟಿ. ಇನ್ನೂ ದಟ್ಟ ಬಟ್ಟೆ ಬೇಕಿತ್ತಾ? ಎಣ್ಣೆ ಶುದ್ಧ ಮಾಡುವುದು ಹೇಗೆ? ಇದನ್ನೇ ನಮ್ಮ ಪಿಕಪ್ ಗಾಡಿಗೂ ಹಾಕಬಹುದಾ?

ಉತ್ತರ: ಬಟ್ಟೆಯ ತಪ್ಪಲ್ಲ. ನೀವು ಸೋಸಿದ್ದೇ ಬೇಗ ಆಯಿತು.

ಕಬ್ಬಿನ ಹಾಲು ಕಾಯಿಸುವಾಗ ಸುಣ್ಣ ಹಾಕಿದರೆ ಮಡ್ಡಿ ಮೇಲೆ ಬರುತ್ತದೆ, ನೀವು ಜಾಲರಿಯಲ್ಲಿ ತೆಗೆದು ಬಿಸಾಡುತ್ತೀರಿ. ಎಣ್ಣೆಯಲ್ಲಿ ಇದು ಉಲ್ಟಾ. ಹಿಟ್ಟು, ಸುಟ್ಟ ಕರಿ, ನೀರು, ಉಪ್ಪು, ಗಟ್ಟಿ ಕೊಬ್ಬು, ಎಲ್ಲ ಕೆಳಗೆ ಇಳಿಯುತ್ತದೆ. ಆದರೆ ಇಳಿಯೋಕೆ ಟೈಮ್ ಬೇಕು. ಆ ಟೈಮ್ ಕೊಡದೆ ಸೋಸಿದರೆ ಕಣ್ಣಿಗೆ ಕಾಣುವ ಕಸ ಮಾತ್ರ ಬಟ್ಟೆಯಲ್ಲಿ ನಿಲ್ಲುತ್ತದೆ. ಇಂಜಿನ್ ಹಾಳು ಮಾಡುವ ನೀರು ಮತ್ತು ಕೊಬ್ಬು ಆರಾಮಾಗಿ ಪಾಸಾಗಿ ಹೋಗುತ್ತವೆ. ನಿಮ್ಮ ಫಿಲ್ಟರ್‌ನಲ್ಲಿ ಕಂಡ ತುಪ್ಪ ಆ ಕೊಬ್ಬೇ. ಹೋಟೆಲ್‌ಗಳಲ್ಲಿ ಜಾಸ್ತಿ ಬಳಸುವುದು ಪಾಮೊಲಿನ್. ಮಧ್ಯಾಹ್ನದ ಬಿಸಿಲಲ್ಲಿ ನೀರಿನ ಹಾಗೆ ಇರುತ್ತದೆ, ಮುಂಜಾನೆಯ ಚಳಿಗೆ ಮಸುಕಾಗಿ ತಳದಲ್ಲಿ ಹೆಪ್ಪುಗಟ್ಟುತ್ತದೆ. ಜೊತೆಗೆ ಡಾಲ್ಡಾ ಸೇರಿದ್ದರಂತೂ ಹೇಳೋದೇ ಬೇಡ. ನೀವು ಬಿಸಿಬಿಸಿಯಾಗಿ ಸೋಸಿರಬೇಕು, ಹೌದಾ? ಬಿಸಿ ಇದ್ದಾಗ ಕೊಬ್ಬು ಕರಗಿರುತ್ತದೆ, ಎಷ್ಟು ದಟ್ಟ ಬಟ್ಟೆ ಇಟ್ಟರೂ ನಿಲ್ಲುವುದಿಲ್ಲ. ರಾತ್ರಿ ಫಿಲ್ಟರ್ ಒಳಗೆ ಕೂತು ಗಟ್ಟಿಯಾಯಿತು.

ಇನ್ನೊಂದು ಮಾತು. ಆ ವಿಡಿಯೊಗಳಲ್ಲೆಲ್ಲ ಒಂದು ಕಥೆ ಬಂದೇ ಬರುತ್ತದೆ: 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು ಅಂತ. ನಿಜ, ಓಡಿತ್ತು, ರುಡಾಲ್ಫ್ ಡೀಸೆಲ್ ಅವರೇ ಆಮೇಲೆ ಅದನ್ನು ಹೇಳಿಕೊಂಡಿದ್ದಾರೆ. ನಮ್ಮಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲಿ ಜನರೇಟರ್ ಓಡಿಸಿ ಹಳ್ಳಿಯ ನೀರಾವರಿಗೆ ಬಳಸಿ ತೋರಿಸಿದ್ದರು. ಆದರೆ ಅದೆಲ್ಲ ಬೀಜದಿಂದ ತೆಗೆದ ಎಣ್ಣೆ, ಅದರಲ್ಲಿ ವಡೆ ಬೆಂದಿರಲಿಲ್ಲ. ವಡೆ ಅಂದರೆ ನೀರು. ಹಿಟ್ಟು, ಈರುಳ್ಳಿ ಎಣ್ಣೆಗೆ ಬಿದ್ದಾಗ ಚರ್ ಅನ್ನುವ ಸದ್ದು ನೀರಿನದ್ದೇ ತಾನೇ. ಆ ನೀರು, ಆ ಕಾವು, ಮೇಲಿಂದ ಗಾಳಿ, ಮೂರೂ ಸೇರಿ ಎಣ್ಣೆಯನ್ನು ಒಡೆದು ಆಮ್ಲ ಹುಟ್ಟಿಸುತ್ತವೆ. ಎಷ್ಟು ಸಲ ಕರಿದರೆ ಅಷ್ಟು ಹುಳಿ, ಅಷ್ಟು ಮಂದ.

ಹಾಗಾಗಿ ಶುದ್ಧ ಮಾಡುವ ಕೆಲಸ ಹೋಟೆಲ್‌ನ ಅಡುಗೆಮನೆಯಿಂದಲೇ ಶುರುವಾಗಬೇಕು. ನಿಮ್ಮ ಸೋದರಳಿಯನಿಗೆ ಮೂರು ಮಾತು ಹೇಳಿ. ಎಣ್ಣೆಯನ್ನು ಅದು ಬಂದ ಟಿನ್‌ಗೇ ವಾಪಸ್ ಹಾಕಬೇಕು, ಸೋಪು ಹಾಕಿ ತೊಳೆದ ಡಬ್ಬಕ್ಕೆ ಬೇಡವೇ ಬೇಡ. ಹುಡುಗರು ಬಾಣಲೆ ತೊಳೆದ ನೀರನ್ನು ಅದೇ ಟಿನ್‌ಗೆ ಸುರಿಯುತ್ತಾರೆ, ಅದನ್ನು ನಿಲ್ಲಿಸಬೇಕು. ಟಿನ್ ಮುಚ್ಚಿಡಬೇಕು, ಹಿತ್ತಲಲ್ಲಿ ಮಳೆಗೆ ನೆನೆಯಬಾರದು. ಇಷ್ಟು ಮಾಡಿದರೆ ನಿಮ್ಮ ಅರ್ಧ ಕೆಲಸ ಅಲ್ಲೇ ಮುಗಿಯಿತು. ಸೋಪು, ನೀರು, ಎಣ್ಣೆ ಸೇರಿದರೆ ಮಜ್ಜಿಗೆಯ ಹಾಗೆ ಬೆಳ್ಳಗಾಗಿ ನಿಲ್ಲುತ್ತದೆ. ಅದನ್ನು ಬೇರೆ ಮಾಡೋಕೆ ಕೂತರೆ ಯುಗಾದಿ ಬಂದರೂ ಮುಗಿಯುವುದಿಲ್ಲ.

ಎಣ್ಣೆ ಸಾಲದೆ ಬೇರೆ ಕಡೆ ಕೇಳುವುದಾದರೆ ಎಲ್ಲಿ ಒಳ್ಳೆಯದು ಸಿಗುತ್ತದೆ ಅಂತ ನನ್ನ ಅನುಭವ ಹೇಳುತ್ತೇನೆ. ಬಾಳೆಕಾಯಿ ಚಿಪ್ಸ್, ಖಾರ, ಕೋಡುಬಳೆ ಮಾಡುವ ಕಾಂಡಿಮೆಂಟ್ಸ್ ಅಂಗಡಿಯವರದ್ದು ಚೆನ್ನಾಗಿರುತ್ತದೆ, ಅವರು ಎಣ್ಣೆಯನ್ನು ಅತಿಯಾಗಿ ಸುಡುವುದಿಲ್ಲ, ಸುಟ್ಟರೆ ಅವರ ಮಾಲೇ ಕಮಟು ಬರುತ್ತದೆ. ಮದುವೆ ಸೀಸನ್‌ನಲ್ಲಿ ಕಲ್ಯಾಣ ಮಂಟಪದ ಅಡುಗೆಯವರನ್ನು ಹಿಡಿದರೆ ಒಂದೇ ದಿನದ ಎಣ್ಣೆ ಸಿಗುತ್ತದೆ, ಹಪ್ಪಳ, ಬೋಂಡ, ಪೂರಿ ಅಷ್ಟೇ ಕರಿದಿರುತ್ತಾರೆ. ಗೋಬಿ ಮಂಚೂರಿ, ಕಬಾಬ್ ಗಾಡಿಯ ಎಣ್ಣೆ ಪುಕ್ಕಟೆ ಕೊಟ್ಟರೂ ನಾನು ಮುಟ್ಟುವುದಿಲ್ಲ. ಮೆಕ್ಕೆಜೋಳದ ಹಿಟ್ಟು, ಬಣ್ಣ, ಉಪ್ಪು, ಮಾಂಸದ ಕೊಬ್ಬು ಎಲ್ಲ ಅದರಲ್ಲಿ ಇರುತ್ತದೆ, ಇದ್ದಿಲಿನ ಹಾಗೆ ಕಪ್ಪಾಗುವವರೆಗೆ ಓಡಿಸಿರುತ್ತಾರೆ.

ಕೇಳೋಕೆ ಹೋದಾಗ ಹೋಟೆಲ್‌ನವರು ನಿಮ್ಮನ್ನು ಅನುಮಾನದಿಂದ ನೋಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಕರಿದ ಎಣ್ಣೆ ಕೊಂಡುಕೊಂಡು ಹೋಗಿ ತಿಳಿ ಮಾಡಿ ಬೀದಿ ಗಾಡಿಯವರಿಗೆ ತಿನ್ನೋಕೆ ಮಾರುವ ದಂಧೆ ಇದೆ. ಅದಕ್ಕೇ ಆಹಾರ ಸುರಕ್ಷತಾ ಪ್ರಾಧಿಕಾರ, ಅದೇ ಎಫ್‌ಎಸ್‌ಎಸ್‌ಎಐ, 2018ರ ಜುಲೈಯಿಂದ ಎಣ್ಣೆಯಲ್ಲಿ ಪೋಲಾರ್ ಅಂಶ, ಅಂದರೆ ಕರಿದು ಕರಿದು ಎಣ್ಣೆ ಒಡೆದಾಗ ಹುಟ್ಟುವ ವಸ್ತು, ನೂರಕ್ಕೆ 25 ದಾಟಿದರೆ ಅಡುಗೆಗೆ ಬಳಸುವ ಹಾಗಿಲ್ಲ ಅಂತ ನಿಯಮ ಮಾಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ರುಕೊ ಅನ್ನುವ ಯೋಜನೆ ಬಂತು, ಕರಿದ ಎಣ್ಣೆಯನ್ನು ಒಟ್ಟು ಮಾಡಿ ಬಯೋಡೀಸೆಲ್ ಮಾಡುವವರಿಗೆ ಕಳಿಸುವುದು. ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಎಣ್ಣೆ ಬಳಸುವ ಹೋಟೆಲ್‌ಗಳು 2019ರ ಮಾರ್ಚ್‌ನಿಂದ ಲೆಕ್ಕ ಬರೆದಿಟ್ಟು ಅನುಮತಿ ಇರುವ ಏಜೆನ್ಸಿಗೇ ಕೊಡಬೇಕು. ನಿಮ್ಮ ಸೋದರಳಿಯನ ಹೋಟೆಲ್ ಆ ಲೆಕ್ಕಕ್ಕೆ ಬರುತ್ತದಾ ಅಂತ ಮೊದಲು ಕೇಳಿ. ಬರುವುದಾದರೆ ನಿಮಗೋಸ್ಕರ ಅವನು ನೋಟಿಸ್ ತಿನ್ನೋದು ಬೇಡ.

ಈಗ ಶುದ್ಧ ಮಾಡುವುದಕ್ಕೆ ಬರೋಣ. ಎರಡು ಡ್ರಮ್ ಬೇಕು. ಪ್ರತಿ ಡ್ರಮ್‌ಗೂ ತಳದಿಂದ ಒಂದು ಗೇಣು ಮೇಲೆ ಒಂದು ನಲ್ಲಿ, ತೀರಾ ತಳದಲ್ಲಿ ಇನ್ನೊಂದು. ಮೇಲಿನ ನಲ್ಲಿ ಎಣ್ಣೆಗೆ, ಕೆಳಗಿನದು ಗಸಿ ಬಿಡೋಕೆ. ಟಿನ್‌ನಿಂದ ಡ್ರಮ್‌ಗೆ ಹಾಕುವಾಗ ಹಿಟ್ಟು ಜರಡಿಯಲ್ಲಿ ದೊಡ್ಡ ಚೂರು ತೆಗೆದರೆ ಸಾಕು. ಆಮೇಲೆ ಒಂದು ಸಲ ಬೆಚ್ಚಗೆ ಮಾಡಿ, 60 ಡಿಗ್ರಿ ಅಂದರೆ ಕೈ ಇಟ್ಟರೆ ತಡೆಯೋಕೆ ಆಗದಷ್ಟು, ಅದಕ್ಕಿಂತ ಜಾಸ್ತಿ ಬೇಡ. ಬೆಚ್ಚಗಾದರೆ ಎಣ್ಣೆ ತೆಳುವಾಗುತ್ತದೆ, ನೀರಿನ ಹನಿ ಬೇಗ ಕೆಳಗಿಳಿಯುತ್ತದೆ. ಆಮೇಲೆ ಮುಚ್ಚಳ ಹಾಕಿ ಸುಮ್ನೆ ಬಿಡಿ. ಕಡಿಮೆ ಅಂದರೂ ಒಂದು ವಾರ, ಎರಡು ವಾರ ಆದರೆ ಇನ್ನೂ ಒಳ್ಳೆಯದು. ಮಧ್ಯೆ ಅಲ್ಲಾಡಿಸಬೇಡಿ, ನೋಡೋಕೆ ಅಂತ ಕೋಲು ಹಾಕಿ ಕಲಕಬೇಡಿ. ಎರಡು ಡ್ರಮ್ ಯಾಕೆ ಅಂದರೆ ಒಂದು ತಿಳಿಯಾಗುತ್ತಿರುವಾಗ ಇನ್ನೊಂದನ್ನು ತುಂಬಬಹುದು.

ಬೆಚ್ಚಗೆ ಮಾಡುವುದು ಅಂದ ತಕ್ಷಣ ನಿಮ್ಮ ಕಣ್ಣು ಕೊಪ್ಪರಿಗೆಯ ಒಲೆ ಕಡೆ ಹೋಗಿರುತ್ತದೆ ಅಂತ ನನಗೆ ಗೊತ್ತು. ದಯವಿಟ್ಟು ಬೇಡ. ಡ್ರಮ್‌ನ ತಳದಲ್ಲಿ ನೀರಿರುತ್ತದೆ, ಅದರ ಮೇಲೆ ಎಣ್ಣೆ. ಕೆಳಗಿನಿಂದ ಬೆಂಕಿ ಕೊಟ್ಟರೆ ಆ ನೀರು ಒಮ್ಮೆಲೇ ಆವಿಯಾಗಿ ಮೇಲಿನ ಎಣ್ಣೆಯನ್ನೆಲ್ಲ ಎತ್ತಿ ಹೊರಗೆ ಎಸೆಯುತ್ತದೆ. ಕಾದ ಒಗ್ಗರಣೆ ಸೌಟಿಗೆ ನೀರು ಬಿದ್ದರೆ ಏನಾಗುತ್ತದೆ, ಅದೇ, ಆದರೆ ಇನ್ನೂರು ಲೀಟರ್‌ನಲ್ಲಿ. ಪಕ್ಕದಲ್ಲಿ ಒಣ ರಚ್ಚು, ಅಂದರೆ ಹಾಲು ಹಿಂಡಿದ ಕಬ್ಬಿನ ಸಿಪ್ಪೆ, ಬೇರೆ ರಾಶಿ ಬಿದ್ದಿರುತ್ತದೆ. ಡ್ರಮ್‌ಗೆ ಕಪ್ಪು ಬಣ್ಣ ಹೊಡೆದು ಬಿಸಿಲಲ್ಲಿ ಇಡಿ, ನಮ್ಮ ಕಡೆಯ ಬಿಸಿಲು ಬಹುಪಾಲು ಕೆಲಸ ಮಾಡಿಕೊಡುತ್ತದೆ. ಆತುರ ಇದ್ದರೆ ಕುದಿಯುವ ನೀರಿರುವ ಹಂಡೆಯಲ್ಲಿ ಎಣ್ಣೆಯ ಟಿನ್ ಕೂರಿಸಿ ಬೆಚ್ಚಗೆ ಮಾಡಿ, ಒಲೆಯಿಂದ ದೂರ.

ತಿಳಿಯಾದ ಮೇಲೆ ಕೆಳಗಿನ ನಲ್ಲಿ ತೆಗೆದು ಗಸಿ ಬಿಡಿ. ಆಮೇಲೆ ಮೇಲಿನ ನಲ್ಲಿಯಿಂದ ಸೋಸಿ. ಇದು ಬೆಳಗಿನ ಹೊತ್ತು, ಎಣ್ಣೆ ತಣ್ಣಗಿರುವಾಗ. ನಿಧಾನ ಆಗುತ್ತದೆ, ಆಗಲಿ. ತಣ್ಣಗಿದ್ದಾಗ ಗಟ್ಟಿ ಕೊಬ್ಬು ಚೀಲದಲ್ಲೇ ನಿಲ್ಲುತ್ತದೆ. ಮೊದಲು ಹಳೆ ಜೀನ್ಸ್ ಪ್ಯಾಂಟಿನ ಕಾಲನ್ನು ಕೆಳಗೆ ಹೊಲಿದು ಚೀಲ ಮಾಡಿ ನೇತುಹಾಕಿ, ಆಮೇಲೆ ಫೆಲ್ಟ್ ಬ್ಯಾಗ್ ಫಿಲ್ಟರ್, ಕೊನೆಯದು 5 ಮೈಕ್ರಾನ್‌ದು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು). ಕೂದಲು ಸುಮಾರು 70 ಮೈಕ್ರಾನ್ ದಪ್ಪ, ನಿಮ್ಮ ಪಂಚೆ ಯಾವ ಲೆಕ್ಕ ಅಂತ ನೋಡಿಕೊಳ್ಳಿ. ಇಂಜಿನ್‌ಗೆ ಎಣ್ಣೆ ಒತ್ತುವ ಪಂಪಿನ ಒಳಗೆ ಪ್ಲಂಜರ್ (ಆಡುವ ದಂಡ) ಮತ್ತು ಬ್ಯಾರಲ್ (ಅದರ ಕೊಳವೆ) ನಡುವಿನ ಸಂದಿ ಕೆಲವೇ ಮೈಕ್ರಾನ್, ಅಲ್ಲಿ ಒಂದು ಮರಳಿನ ಕಣ ಸಿಕ್ಕರೆ ಗೀರು ಗ್ಯಾರಂಟಿ.

ಕೊನೆಗೆ ನೀರಿನ ಪರೀಕ್ಷೆ. ಇದನ್ನು ಬಿಟ್ಟು ಒಂದು ಟಿನ್ನೂ ಇಂಜಿನ್‌ಗೆ ಹೋಗಬಾರದು. ಒಣ ಬಾಣಲೆಯನ್ನು ಸಣ್ಣ ಉರಿಯಲ್ಲಿ ಇಟ್ಟು ಡ್ರಮ್‌ನ ಎಣ್ಣೆ ಎರಡು ಚಮಚ ಹಾಕಿ. ಹೊಗೆ ಬರುವ ಮುಂಚೆಯೇ ಚಟಪಟ ಅಂದರೆ, ಅಥವಾ ತಳದಿಂದ ಸಣ್ಣ ಗುಳ್ಳೆ ಎದ್ದರೆ ನೀರಿದೆ. ಡ್ರಮ್‌ಗೆ ವಾಪಸ್, ಇನ್ನೊಂದು ವಾರ. ಕೆಲಸ ಕಲಿಯುವ ಕಾಲದಲ್ಲಿ ನಾನೇ ಈ ಪರೀಕ್ಷೆ ಬಿಟ್ಟು ಒಂದು ಪಂಪ್ ಹಾಳು ಮಾಡಿದ್ದೇನೆ. ಎಣ್ಣೆ ಜೇನುತುಪ್ಪದ ಬಣ್ಣಕ್ಕೆ ಬಂದಿತ್ತು, ಎಷ್ಟು ಚೆನ್ನಾಗಿ ಸೋಸಿದ್ದೇನೆ ಅಂತ ಬಾಟಲಿಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದ್ದೆ. ಇಂಜಿನ್ ಓಡಿತು, ಮಳೆಗಾಲಕ್ಕೆ ನಿಲ್ಲಿಸಿದೆವು. ಮೂರು ತಿಂಗಳ ಮೇಲೆ ಹ್ಯಾಂಡಲ್ ಹೊಡೆದರೆ ಪ್ಲಂಜರ್ ಜಾಮ್, ಬಿಚ್ಚಿದರೆ ತುಕ್ಕು. ಕರಗಿಕೊಂಡ ನೀರು ಕಣ್ಣಿಗೆ ಕಾಣುವುದಿಲ್ಲ ಸ್ವಾಮಿ.

ಎಣ್ಣೆ ಎಷ್ಟು ಹುಳಿಯಾಗಿದೆ ಅಂತ ನೋಡೋಕೂ ಒಂದು ದಾರಿ ಇದೆ, ನನಗೆ ಬಹಳ ಇಷ್ಟವಾದದ್ದು. ಆರತಿಗೆ ಓಕುಳಿ ನೀರು ಮಾಡುವುದು ನೋಡಿದ್ದೀರಲ್ಲ, ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಅದೇ ತತ್ವ. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಒಂದು ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ. ಇನ್ನೊಂದು ಗಾಜಿನ ಲೋಟದಲ್ಲಿ 10 ಎಂಎಲ್ ಐಸೊಪ್ರೊಪೈಲ್ ಆಲ್ಕೊಹಾಲ್, ಒಂದು ಎಂಎಲ್ ಎಣ್ಣೆ, ಒಂದು ಚಿಟಿಕೆ ಅರಿಶಿನ. ಸಿರಿಂಜ್‌ನಲ್ಲಿ ಆ ಕಾಸ್ಟಿಕ್ ಸೋಡಾ ನೀರನ್ನು ಹನಿ ಹನಿಯಾಗಿ ಬಿಡುತ್ತಾ ಅಲ್ಲಾಡಿಸಿ. ಹಳದಿ ಹೋಗಿ ಕೆಂಪು ಬಂದು ಅರ್ಧ ನಿಮಿಷ ನಿಂತರೆ ಎಷ್ಟು ಎಂಎಲ್ ಹೋಯಿತು ನೋಡಿ. ಎರಡು ಮೂರರೊಳಗೆ ಇದ್ದರೆ ಒಳ್ಳೆಯ ಎಣ್ಣೆ. ಐದು ದಾಟಿದರೆ ಆ ಹೋಟೆಲ್‌ಗೆ ನಮಸ್ಕಾರ ಹೇಳಿ ಬನ್ನಿ. ಕಾಸ್ಟಿಕ್ ಸೋಡಾ ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು, ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ.

ಎಣ್ಣೆ ತಯಾರಾಯಿತು ಅಂದುಕೊಳ್ಳೋಣ. ಆದರೂ ಅದನ್ನು ನೇರ ಟ್ಯಾಂಕಿಗೆ ಹಾಕಬೇಡಿ. 40 ಡಿಗ್ರಿ ಕಾವಿನಲ್ಲಿ ಡೀಸೆಲ್‌ನ ಮಂದತನ 2ರಿಂದ 4.5 ಸೆಂಟಿಸ್ಟೋಕ್ (ಮಂದತನ ಅಳೆಯುವ ಮಾನ), ಅಡುಗೆ ಎಣ್ಣೆಯದ್ದು 35ರ ಆಸುಪಾಸು, ಹೆಚ್ಚುಕಡಿಮೆ ಹತ್ತು ಪಟ್ಟು. ಇಷ್ಟು ಮಂದ ಇದ್ದರೆ ನಾಝಲ್‌ನಿಂದ ಮಂಜಿನ ಹಾಗೆ ಚಿಮ್ಮುವ ಬದಲು ಪಿಚಕಾರಿಯ ಹಾಗೆ ಬರುತ್ತದೆ. ಪೂರ್ತಿ ಸುಡುವುದಿಲ್ಲ. ಸುಡದೆ ಉಳಿದದ್ದು ನಾಝಲ್ ತುದಿಯಲ್ಲಿ ಇದ್ದಿಲಾಗಿ ಕೂರುತ್ತದೆ, ಪಿಸ್ಟನ್ ರಿಂಗ್ ಅಂಟಿಸುತ್ತದೆ, ಕೆಳಗೆ ಇಂಜಿನ್ ಆಯಿಲ್‌ಗೂ ಸೇರುತ್ತದೆ. ಪರಿಹಾರ ಒಂದೇ, ಬಿಸಿ ಮಾಡುವುದು. 70, 80 ಡಿಗ್ರಿಗೆ ಬಂದರೆ ಮಂದತನ ಮೂರನೇ ಒಂದು ಪಾಲಿಗೆ ಇಳಿಯುತ್ತದೆ.

ಇಂಜಿನ್‌ನಿಂದ ಬಿಸಿ ನೀರು ವಾಪಸ್ ಬರುವ ಜಾಗದಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬ ಮಾಡಿಸಿ, ಅದರೊಳಗೆ ಎಣ್ಣೆಯ ಪೈಪ್ ಸುರುಳಿ ಹಾಯಿಸಿ. ವೆಲ್ಡಿಂಗ್ ಅಂಗಡಿಯವರು ತಾಮ್ರದ ಪೈಪ್ ಚೆನ್ನಾಗಿ ಬಾಗುತ್ತದೆ ಅಂತ ಅದನ್ನೇ ಹಾಕೋಕೆ ನೋಡುತ್ತಾರೆ. ಒಪ್ಪಬೇಡಿ. ತಾಮ್ರ, ಹಿತ್ತಾಳೆ ಮುಟ್ಟಿದರೆ ಎಣ್ಣೆ ಬೇಗ ಅಂಟಾಗುತ್ತದೆ, ಜಿಐ ಕೂಡ ಬೇಡ, ಸ್ಟೀಲ್ ಇರಲಿ. ನೀರು ಬಾವಿಯಿಂದ ಬಂದು ಒಂದೇ ಸಲ ಹಾದು ಹೊರಗೆ ಹೋಗುವ ವ್ಯವಸ್ಥೆ ಇದ್ದರೆ ಇಂಜಿನ್ ಅತಿಯಾಗಿ ತಣ್ಣಗಿರುತ್ತದೆ, ಆಗ ಹರಿವು ಕಡಿಮೆ ಮಾಡಿ ಹೊರಬರುವ ನೀರು ಬಿಸಿ ಇರುವ ಹಾಗೆ ನೋಡಿಕೊಳ್ಳಿ.

ಟ್ಯಾಂಕ್ ಎರಡು ಇರಲಿ, ಮಧ್ಯೆ ತಿರುಗಿಸುವ ಮೂರು ದಾರಿಯ ವಾಲ್ವ್. ಡೀಸೆಲ್‌ನಲ್ಲೇ ಸ್ಟಾರ್ಟ್ ಮಾಡಿ, ಹದಿನೈದು ಇಪ್ಪತ್ತು ನಿಮಿಷ ಗಾಣ ತಿರುಗಿ ಇಂಜಿನ್ ಬಿಸಿಯಾದ ಮೇಲೆ ಎಣ್ಣೆಗೆ ತಿರುಗಿಸಿ. ನಿಲ್ಲಿಸುವ ಹತ್ತು ನಿಮಿಷ ಮೊದಲು ಮತ್ತೆ ಡೀಸೆಲ್‌ಗೆ. ಮರೆತು ಎಣ್ಣೆಯಲ್ಲೇ ನಿಲ್ಲಿಸಿದರೆ ಮಾರನೇ ದಿನ ನಿಮ್ಮ ಆ ನಾಲ್ಕನೇ ದಿನದ ಕಥೆಯೇ. ವಾಲ್ವ್ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ, ಕೆಲಸದವರು ಕತ್ತಲಾದರೆ ಮನೆಗೆ ಓಡುವ ಆತುರದಲ್ಲಿ ಇರುತ್ತಾರೆ.

ನಿಜ ಹೇಳಬೇಕು ಅಂದರೆ ಕರಿದ ಎಣ್ಣೆಗೆ ಗಾಣದ ಕೆಲಸಕ್ಕಿಂತ ಒಳ್ಳೆಯ ಕೆಲಸ ಸಿಗುವುದು ಕಷ್ಟ. ಗಂಟೆಗಟ್ಟಲೆ ಒಂದೇ ಸಮ ಪೂರ್ತಿ ಲೋಡ್. ಇಂಜಿನ್ ಬಿಸಿ ಇರುತ್ತದೆ, ಎಣ್ಣೆ ಸುಟ್ಟು ಹೋಗುತ್ತದೆ. ಕಬ್ಬು ಕೊಡದೆ ಖಾಲಿ ಓಡಿಸುವಾಗ ಮಾತ್ರ ಡೀಸೆಲ್‌ಗೆ ತಿರುಗಿಸಿ. ಸೈಲೆನ್ಸರ್‌ನಿಂದ ಬೋಂಡದ ವಾಸನೆ ಬಂದರೆ ಗಾಬರಿ ಬೇಡ, ಬಿಳಿ ಹೊಗೆ, ಕಣ್ಣುರಿ ಬಂದರೆ ಎಣ್ಣೆ ಸರಿಯಾಗಿ ಸುಡುತ್ತಿಲ್ಲ ಅಂತ.

ಇಂಜಿನ್ ಆಯಿಲ್ ವಿಚಾರದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಕಂಪನಿ ಹೇಳಿದ ಗಂಟೆಯ ಅರ್ಧಕ್ಕೇ ಬದಲಾಯಿಸಿ. ಅಡುಗೆ ಎಣ್ಣೆ ಒಳಗೆ ಸೇರಿಕೊಂಡು ಕಾದು ಕಾದು ಒಂದು ದಿನ ಪೂರ್ತಿ ಆಯಿಲ್ ಹಲ್ವದ ಹಾಗೆ ಗಟ್ಟಿಯಾಗುತ್ತದೆ, ಅದು ಮುಂಚೆ ಹೇಳಿ ಆಗುವುದಿಲ್ಲ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ತೆಗೆದು ನೋಡಿ. ಮಟ್ಟ ಏರಿದ್ದರೆ, ಬೆರಳಲ್ಲಿ ಎಳೆ ಎಳೆ ಬಂದರೆ ಆ ಕ್ಷಣ ನಿಲ್ಲಿಸಿ.

ಇನ್ನು ಲಾಭದ ಲೆಕ್ಕ. ಎರಡು ಟಿನ್, ಒಂದೊಂದು 15 ಕೆಜಿ ಅಂದರೆ ಒಟ್ಟು ಸುಮಾರು 32 ಲೀಟರ್. ಗಸಿ, ನೀರು ಹೋಗಿ 26, 27 ಉಳಿದರೆ ಪುಣ್ಯ. ನಿಮ್ಮ 10 ಎಚ್‌ಪಿ ಪೂರ್ತಿ ಲೋಡ್‌ನಲ್ಲಿ ಗಂಟೆಗೆ ಎರಡರಿಂದ ಎರಡೂವರೆ ಲೀಟರ್ ಕುಡಿಯುತ್ತದೆ, ಎಣ್ಣೆಯಲ್ಲಾದರೆ ಒಂದು ಚೂರು ಜಾಸ್ತಿ. ಅಂದರೆ ವಾರಕ್ಕೆ ಹತ್ತು ಹನ್ನೆರಡು ಗಂಟೆ, ಒಂದು ದಿನದ ಆಲೆ. ಅಷ್ಟಕ್ಕೆ ಡ್ರಮ್, ಪೈಪ್, ವಾಲ್ವ್, ನಿಮ್ಮ ಓಡಾಟ ಎಲ್ಲ ಸೇರಿಸಿ ಗಿಟ್ಟುತ್ತದಾ ಅಂತ ನೀವೇ ನೋಡಿ. ವಾರಕ್ಕೆ ಆರೇಳು ಟಿನ್ ಖಾತ್ರಿ ಇದ್ದರೆ ನಾನಾದರೆ ಮಾಡುತ್ತೇನೆ. ಎರಡೇ ಆದರೆ ಕೂಡಿಟ್ಟು, ತಿಂಗಳಲ್ಲಿ ನಾಲ್ಕು ದಿನ ಓಡಿಸಿಕೊಳ್ಳುವುದು ಸರಿ.

ಕೆಲವರು ನಿಮಗೆ ಮೆಥನಾಲ್ ಹಾಕಿ ಮನೆಯಲ್ಲೇ ಬಯೋಡೀಸೆಲ್ ಮಾಡಿ ಅನ್ನುತ್ತಾರೆ. ರಸಾಯನಶಾಸ್ತ್ರ ಸರಿಯೇ, ಎಣ್ಣೆ ತೆಳ್ಳಗಾಗುತ್ತದೆ, ಬಿಸಿ ಮಾಡುವ ರಗಳೆ ಇರುವುದಿಲ್ಲ. ಆದರೆ ಮೆಥನಾಲ್ ವಿಷ, ಹೊಟ್ಟೆಗೆ ಹೋದರೆ ಕಣ್ಣು, ಜೀವ ಎರಡೂ ಹೋಗುತ್ತದೆ. 65 ಡಿಗ್ರಿಗೇ ಕುದಿಯುತ್ತದೆ, ಹಗಲಲ್ಲಿ ಅದರ ಉರಿ ಕಣ್ಣಿಗೇ ಕಾಣುವುದಿಲ್ಲ. ದಿನವಿಡೀ ಒಲೆ ಉರಿಯುವ ಆಲೆಮನೆಯ ಆವರಣಕ್ಕೆ ಅದನ್ನು ತರುವ ಮಾತೇ ಬೇಡ.

ಗ್ಯಾರೇಜಿನ ಸುಟ್ಟ ಇಂಜಿನ್ ಆಯಿಲ್ ಹಾಕಬಹುದಾ ಅಂತ ನೀವು ಕೇಳಿಲ್ಲ, ಆದರೆ ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ಅದು ಬೇರೆ ಜಾತಿ. ಅದರಲ್ಲಿ ಲೋಹದ ಪುಡಿ, ರಾಸಾಯನಿಕ ಇರುತ್ತದೆ, ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಬೆಲ್ಲ ಮಾಡುವ ಜಾಗದಲ್ಲಿ ಅದರ ಹೊಗೆ ಬೇಡ.

ಎಣ್ಣೆ ಸೋಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಗಾಳಿಗೆ ಎಣ್ಣೆ ತಾನೇ ಬಿಸಿಯಾಗುತ್ತದೆ, ರಾಶಿಯೊಳಗಿನ ಕಾವು ಹೊರಗೆ ಹೋಗದೆ ಯಾರೂ ಕಡ್ಡಿ ಗೀರದೆ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ, ಇಲ್ಲ ನೀರಲ್ಲಿ ಮುಳುಗಿಸಿಡಿ. ಡ್ರಮ್‌ಗೆ ಬಿಗಿ ಮುಚ್ಚಳ ಇರಲಿ, ಇಲಿಗಳಿಗೆ ಈ ಎಣ್ಣೆ ಅಂದರೆ ಹಬ್ಬದೂಟ. ಒಳಗೆ ಬಿದ್ದ ಇಲಿಯನ್ನು ಎರಡು ವಾರದ ಮೇಲೆ ಕೆಳಗಿನ ನಲ್ಲಿಯಲ್ಲಿ ಕಂಡವನು ನಾನು.

ಪಿಕಪ್ ಬಗ್ಗೆ: ಬೇಡ. ಈಗಿನ ಕಾಮನ್ ರೈಲ್ ಇಂಜಿನ್‌ಗಳಲ್ಲಿ, ಅಂದರೆ ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರ್‌ಗೂ ಡೀಸೆಲ್ ಹೋಗುವಂಥವುಗಳಲ್ಲಿ, ಒತ್ತಡ ಸಾವಿರ ಬಾರ್‌ಗಿಂತ ಮೇಲೆ, ಇಂಜೆಕ್ಟರ್ ತೂತು ತೀರಾ ಸಣ್ಣ. ನಿಮ್ಮ ಗಾಣದ ಇಂಜಿನ್‌ನ ನಾಝಲ್ ಹಾಳಾದರೆ ಮಂಡ್ಯದಲ್ಲೇ ಅರ್ಧ ದಿನದಲ್ಲಿ ಸರಿಯಾಗುತ್ತದೆ, ಪಿಕಪ್‌ನ ನಾಲ್ಕು ಇಂಜೆಕ್ಟರ್ ಹೋದರೆ ಒಂದು ಸೀಸನ್‌ನ ಬೆಲ್ಲದ ದುಡ್ಡು. ಸದ್ಯಕ್ಕೆ ಮಾಡಬೇಕಾದದ್ದು ಇಷ್ಟು: ಆ ಗಟ್ಟಿಯಾದ ಫಿಲ್ಟರ್ ಎಸೆಯಿರಿ, ಟ್ಯಾಂಕ್ ಖಾಲಿ ಮಾಡಿ ಡೀಸೆಲ್‌ನಲ್ಲಿ ತೊಳೆಯಿರಿ, ಪೈಪಿನ ಗಾಳಿ ತೆಗೆಯಿರಿ, ನಾಝಲ್ ಬಿಚ್ಚಿ ತುದಿ ಒಮ್ಮೆ ನೋಡಿ. ಮೂರೇ ದಿನ ಓಡಿರುವುದರಿಂದ ರಿಂಗ್‌ಗೆ ಏನೂ ಆಗಿರಲಾರದು. ಇಂಜಿನ್ ಆಯಿಲ್ ಮಾತ್ರ ಈಗಲೇ ಬದಲಾಯಿಸಿಬಿಡಿ.